ಆರು ವೋಟಿನ ಸೋಲು

ಕಲ್ಲುಹೊಳೆ ಪೇಟೆಯ ಬಸ್ ನಿಲ್ದಾಣದಲ್ಲಿ ನಾಗರಾಜಪ್ಪ ಖಾಸಗಿ ಬಸ್ಸುಗಳ ಏಜೆಂಟ್. ಸಾಗರದ ಬಸ್ಸು ಹೊಸನಗರ ಬಿಟ್ಟಿತೇ, ತೀರ್ಥಹಳ್ಳಿ ಬಸ್ಸಿನಲ್ಲಿ ಸೀಟು ಇದೆಯೇ, ಆಗುಂಬೆ ಘಾಟಿಯಲ್ಲಿ ಯಾವುದಾದರೂ ಲಾರಿ ಅಡ್ಡ ನಿಂತಿದೆಯೇ, ಎಲ್ಲವನ್ನೂ ಜನ ಅವರನ್ನೇ ಕೇಳುತ್ತಾರೆ. ವಯಸ್ಸು ಐವತ್ತೇಳು. ಅದರಲ್ಲಿ ಮೂವತ್ತು ವರ್ಷ ಒಂದೇ ಪಕ್ಷಕ್ಕೆ ದುಡಿದಿದ್ದಾರೆ. ಆ ಪಕ್ಷ ಅವರ ಒಂಬತ್ತನೇ ವಾರ್ಡಿನಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಹಿಂದಿನ ಪಟ್ಟಣ ಪಂಚಾಯ್ತಿ ಚುನಾವಣೆಯಲ್ಲಿ ಸಿಕ್ಕಿದ್ದು ಮೂವತ್ತೆಂಟೇ ಮತ.

ಈ ಸಲ ಹೊಲಿಗೆ ಕಲಿಸುವ ಸುಪ್ರಿಯಾ ಅಭ್ಯರ್ಥಿಯಾದಳು. ಬೇರೆ ಯಾರೂ ಒಪ್ಪದಿದ್ದಕ್ಕೆ ಪಕ್ಷ ಅವಳನ್ನು ಕೇಳಿತ್ತು. ಅವಳು ಒಪ್ಪಿದ್ದಕ್ಕೆ ಕಾರಣ ಕೆಳಕೇರಿಯ ಚರಂಡಿ. ಕಟ್ಟಿಕೊಂಡು ಒಂದು ವರ್ಷವಾಗಿತ್ತು, ಕೊಳಕು ನೀರು ಬಾವಿಕಟ್ಟೆಯವರೆಗೂ ಹರಿದುಬರುತ್ತಿತ್ತು. ಪಕ್ಷದ ತಾಲ್ಲೂಕು ಅಧ್ಯಕ್ಷ ಶ್ರೀಕೃಷ್ಣ ಮೊದಲ ಸಭೆಯಲ್ಲೇ ಹೇಳಿಬಿಟ್ಟಿದ್ದರು: "ಒಂಬತ್ತನೇ ವಾರ್ಡಿನಲ್ಲಿ ಡಿಪಾಸಿಟ್ ಉಳಿಸ್ಕೊಂಡ್ರೆ ಸಾಕು. ನಮ್ಮ ಶಕ್ತಿಯೆಲ್ಲ ಐದನೇ ವಾರ್ಡಿಗೆ ಹಾಕೋಣ."

ಸುಪ್ರಿಯಾ ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ವಾರ ಮನೆಮನೆ ತಿರುಗಿದಳು. ಅವಳ ಹಿಂದೆ ಕರಪತ್ರದ ಕಟ್ಟು ಹಿಡಿದು ನಾಗರಾಜಪ್ಪನೂ ತಿರುಗಿದರು.

ಮತದಾನದ ದಿನ ಅವರು ಬೂತಿನೊಳಗೆ ಪಕ್ಷದ ಏಜೆಂಟರಾಗಿ ಕೂತು, ಬಂದವರ ಹೆಸರಿಗೆ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಗೆ, ವಯಸ್ಸಾದವರನ್ನು ಕರೆತರಲು ಇಟ್ಟಿದ್ದ ಆಟೋವನ್ನು ಶ್ರೀಕೃಷ್ಣ ಐದನೇ ವಾರ್ಡಿಗೆ ಕರೆಸಿಕೊಂಡರು. ಆಟೋನೇ ಹೋದ ಮೇಲೆ ಇನ್ಯಾರು ಬರುತ್ತಾರೆ ಎಂದುಕೊಂಡು ನಾಗರಾಜಪ್ಪ ಮೂರೂವರೆಗೆ ಎದ್ದು ಬಸ್ ನಿಲ್ದಾಣಕ್ಕೆ ನಡೆದರು. ಮತದಾನ ಮುಗಿಯಲು ಇನ್ನೂ ಒಂದೂವರೆ ಗಂಟೆ ಇತ್ತು.

ಎಣಿಕೆಯ ದಿನ ಐದನೇ ವಾರ್ಡಿನಲ್ಲಿ ಪಕ್ಷ ತೊಂಬತ್ತು ಮತಗಳಿಂದ ಸೋತಿತು. ಒಂಬತ್ತನೇ ವಾರ್ಡಿನಲ್ಲಿ ಎದುರಾಳಿ ನಟರಾಜ್‌ಗೆ ನೂರ ಎಪ್ಪತ್ತು, ಸುಪ್ರಿಯಾಗೆ ನೂರ ಅರವತ್ತನಾಲ್ಕು.

ಹೊರಗೆ ಶ್ರೀಕೃಷ್ಣ ಸುಪ್ರಿಯಾಳ ಕೊರಳಿಗೆ ಹಾರ ಹಾಕಿದರು. "ಮೂವತ್ತೆಂಟು ಎಲ್ಲಿ, ನೂರ ಅರವತ್ತನಾಲ್ಕು ಎಲ್ಲಿ! ಇದು ಗೆದ್ದ ಹಾಗೇ. ಭಾನುವಾರ ಸನ್ಮಾನ ಇಟ್ಕೊಳ್ಳೋಣ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾಗರಾಜಪ್ಪನೂ ತಟ್ಟಿದರು. ಸಂಭ್ರಮ ಅವರಿಗೂ ಆಗಿತ್ತು. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಆರು ಎಂಬ ಅಂಕಿ ತಲೆಯಿಂದ ಹೋಗಲಿಲ್ಲ. ಕೈ ತೊಳೆದು ಪಟ್ಟಿ ತೆಗೆದರು. ತಮ್ಮವರೆಂದು ಅವರೇ ಗೆರೆ ಎಳೆದಿಟ್ಟಿದ್ದ ಹೆಸರುಗಳಲ್ಲಿ ಒಂಬತ್ತಕ್ಕೆ ಗುರುತು ಬಿದ್ದಿರಲಿಲ್ಲ.

"ಎಂತ ನೋಡ್ತಿದೀರಿ?" ಎಂದು ಹೆಂಡತಿ ಗುತ್ಯಮ್ಮ ಕೇಳಿದಳು. "ಮುಗೀತಲ್ಲ ಎಲೆಕ್ಷನ್ನು."

"ನಾನು ಎದ್ದ ಮೇಲೆ ಇವರೆಲ್ಲ ಬಂದಿರ್ಲೂಬಹುದು. ಕೇಳ್ಕೊಂಡು ಬರ್ತೀನಿ."

ಮರುದಿನ ಬೆಳಿಗ್ಗೆಯಿಂದಲೇ ಬಸ್ಸು ಬಸ್ಸಿನ ನಡುವಿನ ಬಿಡುವಿನಲ್ಲಿ ಒಬ್ಬೊಬ್ಬರ ಮನೆಗೆ ಹೋದರು. ಇಬ್ಬರು ತಡವಾಗಿ ಬಂದು ಮತ ಹಾಕಿದ್ದರು. ಒಬ್ಬರು ಮದುವೆಗೆಂದು ತಾಳಗುಪ್ಪಕ್ಕೆ ಹೋಗಿದ್ದರು. ಕಾಲುನೋವಿನ ಮೂವರು ಆಟೋ ಬರುತ್ತದೆಂದು ಜಗಲಿಯಲ್ಲಿ ಕಾದು ಕೂತಿದ್ದರು. ಉಳಿದ ಮೂವರು ಗ್ಯಾರೇಜಿನ ಗಣೇಶ್, ಅವನ ಹೆಂಡತಿ, ಅವನ ತಾಯಿ.

ಗಣೇಶ್ ಬೈಕಿನ ಕೆಳಗಿನಿಂದ ತಲೆ ಎತ್ತಿದ. "ನಾಗರಾಜಣ್ಣ, ನೀವೇ ಅಲ್ವಾ ಹೇಳಿದ್ದು?"

"ನಾನು ಎಂತ ಹೇಳಿದ್ದೆ?"

"ವೋಟಿನ ಹಿಂದಿನ ದಿನ ಚೀಟಿ ಕೊಡಕ್ಕೆ ಬಂದಾಗ. ಕೆಲಸ ಬಹಳ ಇದೆ ಅಂದೆ. ಪುರಸೊತ್ತಾದ್ರೆ ಬಾ ಮಾರಾಯ, ಹೆಂಗೂ ನಾವು ಗೆಲ್ಲಲ್ಲ ಅಂದ್ರಿ. ಗೆಲ್ಲದೇ ಇರೋದಕ್ಕೆ ಅಂಗಡಿ ಮುಚ್ಚೋದು ಎಂತಕ್ಕೆ ಅಂತ ನಾವ್ಯಾರೂ ಬರ್ಲಿಲ್ಲ."

ಹಾಗೆ ಅಂದದ್ದು ನಾಗರಾಜಪ್ಪನಿಗೆ ನೆನಪಿರಲಿಲ್ಲ. ಆದರೆ ಅದು ತಮ್ಮದೇ ಮಾತು ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ಮೂವತ್ತು ವರ್ಷದಿಂದ ಪ್ರತಿ ಚುನಾವಣೆಯಲ್ಲೂ ಅದನ್ನೇ ಹೇಳುತ್ತಾ ಬಂದಿದ್ದರು. ಹಾಗೆಂದರೆ ಜನ ನಗುತ್ತಿದ್ದರು, ಸೋತಾಗ ಅವಮಾನ ಕಡಿಮೆಯಾಗುತ್ತಿತ್ತು.

ವಾಪಸು ಬರುವಾಗ ವೇದಾವತಮ್ಮ ಗೇಟಿನ ಹತ್ತಿರ ನಿಂತು ಕರೆದರು. ನಾಗರಾಜಪ್ಪನ ಅಪ್ಪ ಆ ಮನೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಉಳುವವನೇ ಒಡೆಯ ಎಂಬ ಕಾನೂನು ಬಂದು ಗದ್ದೆ ಅಪ್ಪನದಾದ ಮೇಲೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ಆ ಮನೆಯ ಮತ ತಮಗಲ್ಲ ಎಂದು ಅವರು ಪ್ರಚಾರಕ್ಕೂ ಗೇಟು ದಾಟಿರಲಿಲ್ಲ.

"ನಾಗರಾಜ, ಆ ಹುಡುಗಿ ಸೋತಳಂತೆ, ಹೌದಾ?"

"ಹೌದಮ್ಮ. ಆರು ವೋಟು."

"ನಾನು ಹಾಕುವಾ ಅಂತಿದ್ದೆ. ಚರಂಡಿ ವಿಷಯ ಎತ್ತಿದ್ದು ಅವಳೊಬ್ಬಳೇ. ನನಗೆ ನಡೆದು ಬರ್ಲಿಕ್ಕೆ ಆಗೋದಿಲ್ಲ. ನೀವು ಯಾರೂ ಕರೀಲೇ ಇಲ್ವಲ್ಲ."

ಅಂದು ಮಧ್ಯಾಹ್ನ ನಾಗರಾಜಪ್ಪ ತೀರ್ಥಹಳ್ಳಿಗೆ ಹೊರಟವರನ್ನು ಸಾಗರದ ಬಸ್ಸಿಗೆ ಹತ್ತಿಸಿ ಬೈಸಿಕೊಂಡರು. ಕೂತಲ್ಲಿ ಕೂರಲಾಗಲಿಲ್ಲ. ನಿಂತರೆ ನಡೆಯಬೇಕೆನ್ನಿಸುತ್ತಿತ್ತು, ನಡೆದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ.

ಭಾನುವಾರದ ಸನ್ಮಾನದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಶ್ರೀಕೃಷ್ಣ ನಾಗರಾಜಪ್ಪನನ್ನೂ ವೇದಿಕೆಗೆ ಕರೆದು ಎರಡು ಮಾತಾಡಲು ಹೇಳಿದರು. ಅವರು ಮೈಕು ಹಿಡಿದರು.

"ಮೂವತ್ತೆಂಟರಿಂದ ಇಲ್ಲೀವರೆಗೆ ತಂದಿದ್ದು ಸುಪ್ರಿಯಾ," ಎಂದರು. "ಆರು ವೋಟಿಂದ ಸೋಲಿಸಿದ್ದು ನಾವು. ಆಟೋ ಇದ್ದಿದ್ರೆ ಮೂವರು ಬರ್ತಿದ್ರು. ನಾನು ಬಾಯಿ ಮುಚ್ಕೊಂಡಿದ್ರೆ ಇನ್ನೂ ಮೂವರು. ಕರೆದಿದ್ರೆ ವೇದಾವತಮ್ಮ. ಏಳಾಯ್ತು."

ಸಭೆಯಲ್ಲಿ ಗುಸುಗುಸು ಎದ್ದಿತು. ಶ್ರೀಕೃಷ್ಣ ಮೈಕು ತೆಗೆದುಕೊಂಡು, "ನಾಗರಾಜಪ್ಪನವರಿಗೆ ಬೇಜಾರಾಗಿದೆ. ಒಳ್ಳೇ ದಿನ ಇಂಥದ್ದೆಲ್ಲ ಬೇಡ," ಎಂದು ನಕ್ಕರು. ಸುಪ್ರಿಯಾ ನಗಲಿಲ್ಲ.

ಸಭೆ ಮುಗಿದ ಮೇಲೆ ಅವಳು ಮೆಟ್ಟಿಲ ಬಳಿ ಅವರನ್ನು ತಡೆದಳು. "ನಾಗರಾಜಣ್ಣ, ನನಗೊಬ್ಬಳಿಗೇ ಹೇಳ್ಬಹುದಿತ್ತಲ್ಲ. ನೂರ ಅರವತ್ತನಾಲ್ಕು ಜನ ನನ್ನನ್ನ ನಂಬಿದ್ರು. ಒಂದು ದಿನ ಅದನ್ನೇ ನೆನೆಸ್ಕೊಂಡು ಖುಷಿಯಾಗಿರಕ್ಕೂ ಬಿಡ್ಲಿಲ್ಲ ನೀವು." ಅವಳ ಕಣ್ಣು ತುಂಬಿತ್ತು. ಅವಳ ಸಂತೋಷವೂ ಸುಳ್ಳಲ್ಲವೆಂಬುದು ಅವರಿಗೆ ಆಗ ಹೊಳೆಯಿತು.

ಹದಿನೈದು ದಿನದ ನಂತರ ಕೆಳಕೇರಿಯಲ್ಲಿ ಚರಂಡಿಯ ಕೆಲಸ ಶುರುವಾಗಿ ವಾರದಲ್ಲೇ ಮುಗಿಯಿತು. ಮಾಡಿಸಿದವನು ಗೆದ್ದ ನಟರಾಜ್. ಬಸ್ಸಿಗೆ ಬಂದವನನ್ನು ನಾಗರಾಜಪ್ಪ ನೇರವಾಗಿ ಕೇಳಿದರು: "ಇಷ್ಟು ಬೇಗ ಹೆಂಗೆ ಮಾಡಿಸ್ದೆ?"

ನಟರಾಜ್ ಮುಚ್ಚಿಡಲಿಲ್ಲ. "ಆರೇ ವೋಟು ಮಾರಾಯ್ರೆ. ಸುಮ್ನೆ ಕೂತ್ರೆ ಮುಂದಿನ ಸಲ ಸುಪ್ರಿಯಾ ನನ್ನನ್ನ ಮನೇಲಿ ಕೂರಿಸ್ತಾಳೆ."

ಈ ಮಾತು ನಾಗರಾಜಪ್ಪನನ್ನು ಇನ್ನಷ್ಟು ಕಲಕಿತು. ಸೋತವಳಿಂದಲೇ ಚರಂಡಿ ಆಗಿತ್ತು. ಹಾಗಾದರೆ ಇದು ಗೆದ್ದ ಹಾಗೇ ಎಂದು ಶ್ರೀಕೃಷ್ಣ ಹೇಳಿದ್ದೇ ಸರಿಯೇ? ಆದರೆ ಕೇರಿಯ ಹೆಂಗಸರು ಕೈಮುಗಿದು ನಿಂತದ್ದು ನಟರಾಜ್‌ಗೆ. ಮುಂದಿನ ಕೆಲಸ ಯಾವುದೆಂದು ಹೇಳುವವನೂ ಅವನೇ.

ಸಂಜೆ ಹೊಲಿಗೆ ತರಗತಿ ಬಿಡುವ ಹೊತ್ತಿಗೆ ಅವರು ಸುಪ್ರಿಯಾಳ ಬಳಿ ಹೋದರು. ನಟರಾಜ್ ಅಂದದ್ದನ್ನು ಹೇಳಿದರು. ಅವಳು ಕತ್ತರಿ ಕೆಳಗಿಟ್ಟಳು.

"ನೀರು ಸರಿಯಾಗಿ ಹೋಗ್ತಿದೆಯಾ?"

"ಹೋಗ್ತಿದೆ."

"ಅಷ್ಟಾಯ್ತಲ್ಲ," ಎಂದಳು. ಬಳಿಕ ತಲೆ ಎತ್ತಿ, "ಗಣೇಶ ಹೇಳ್ದ, ಹೆಂಗೂ ಗೆಲ್ಲಲ್ಲ ಅಂತ ನೀವು ಅವನಿಗೆ ಅಂದ್ರಂತೆ. ಇನ್ನೆಷ್ಟು ಜನಕ್ಕೆ ಹೇಳಿದ್ರಿ?"

"ಗೊತ್ತಿಲ್ಲ ಸುಪ್ರಿಯಾ. ಬಾಯಿಗೆ ಬಂದುಬಿಡ್ತಿತ್ತು."

"ಮೇಲಿನ ಕೇರಿಯ ನಾಲ್ಕು ಮನೆಗೆ ನಾನೂ ಹೋಗ್ಲಿಲ್ಲ. ಕೊನೇ ದಿನ ಸುಸ್ತಾಗಿತ್ತು. ನಂಗೂ ಒಳಗೊಳಗೆ ಗೆಲ್ತೀನಿ ಅನ್ನಿಸಿರ್ಲಿಲ್ಲ." ಅವಳು ಬಾಗಿಲು ಹಾಕಿ ಬೀಗ ತಿರುಗಿಸಿದಳು. "ನಾಳೆ ನಿಮ್ಗೆ ಯಾವ ಹೊತ್ತಲ್ಲಿ ಬಿಡುವು?"

"ಹನ್ನೊಂದರ ಬಸ್ಸು ಹೋದ ಮೇಲೆ."

"ಹಂಗಾದ್ರೆ ಆ ನಾಲ್ಕು ಮನೆಗೆ ಹೋಗಿ ಬರೋಣ. ವೋಟು ಕೇಳಕ್ಕಲ್ಲ. ಏನು ಬೇಕು ಅಂತ ಕೇಳಕ್ಕೆ."

ಮರುದಿನ ಹನ್ನೊಂದರ ಬಸ್ಸು ಇಪ್ಪತ್ತು ನಿಮಿಷ ತಡವಾಯಿತು. ಅಷ್ಟೂ ಹೊತ್ತು ನಾಗರಾಜಪ್ಪ ರಸ್ತೆಯ ತಿರುವು ನೋಡುತ್ತಾ ಅತ್ತಿಂದಿತ್ತ ಓಡಾಡಿದರು.