ಕಳೆಯಮ್ಮನ ಗುಡ್ಡ

ಅರಣ್ಯ ಇಲಾಖೆಯ ಸಸಿತೋಟ ನೋಡಿಕೊಳ್ಳುತ್ತಿದ್ದ ಆಕೆಗೆ ಕಳೆಯಮ್ಮ ಎಂದು ಹೆಸರಿಟ್ಟವರು ಕಚೇರಿಯವರೇ. ಯಾವ ಸಭೆಯಲ್ಲಿ ಬಾಯಿ ತೆರೆದರೂ ಕಳೆಯ ಮಾತೇ ಬರುತ್ತಿತ್ತಲ್ಲ, ಅದಕ್ಕೆ.

ಬೋಳುಗುಡ್ಡದಲ್ಲಿ ಒಂದು ಲಕ್ಷ ಕಾಡುಮರ ನೆಡಬೇಕು, ಅದೂ ಆ ನೆಲದಲ್ಲೇ ಹುಟ್ಟಿ ಬೆಳೆಯುವ ಜಾತಿಯವನ್ನೇ, ಎಂಬ ಆದೇಶ ಒಂದು ಸೋಮವಾರ ಬಂತು. ತಿಂಗಳೊಳಗೆ ಮುಗಿಸಬೇಕಂತೆ. ಸಾಹೇಬರು ಖರ್ಚಿನ ಪಟ್ಟಿ ಓದಿದರು: ಗುಂಡಿ, ಸಸಿ, ಲಾರಿ, ಶಾಮಿಯಾನ, ಫೋಟೋ.

"ಕಳೆ ಕೀಳೋಕೆ ದುಡ್ಡು, ಸಾರ್? ಮೂರು ವರ್ಷ ಕೀಳ್ಬೇಕು."

"ಕಾಡಲ್ಲಿ ಯಾರಮ್ಮಾ ಕಳೆ ಕೀಳ್ತಾರೆ? ಕಾಡು ತಾನಾಗೇ ಬೆಳೆಯುತ್ತೆ."

"ತಾನಾಗೇ ಬೆಳೆಯೋ ಹಾಗಿದ್ರೆ ನಮಗೆ ಸಂಬಳ ಯಾಕೆ ಸಾರ್?"

ಯಾರೋ ನಕ್ಕರು. ಸಾಹೇಬರು ನಗಲಿಲ್ಲ.

ಆಕೆಯ ಬಳಿ ಇದ್ದದ್ದು ಇಪ್ಪತ್ತು ಸಾವಿರ ಸಸಿ. ಕಾಡುಮರ ಕಾಯಿ ಬಿಡುವುದು ತನಗೆ ಮನಸ್ಸು ಬಂದ ವರ್ಷ, ಆದೇಶ ಓದಿಕೊಂಡಲ್ಲ. ಉಳಿದ ಎಂಬತ್ತು ಸಾವಿರವನ್ನು ಗುತ್ತಿಗೆದಾರ ತಂದು ಸುರಿದ. ಎಲ್ಲವೂ ಒಂದೇ ಜಾತಿ, ಎಲ್ಲಿಂದಲೋ ಬಂದದ್ದು. ಗುಡ್ಡದಲ್ಲಿ ನಿಲ್ಲಿಸಿದ ಫಲಕದ ಮೇಲೆ ಅವೂ ಈ ನೆಲದ ಮಕ್ಕಳೇ ಆದವು.

ಕಳೆಯಮ್ಮ ತನ್ನ ಪಾಲಿನಲ್ಲಿ ನಾನೂರನ್ನು ಗುಡ್ಡದ ಬುಡದಲ್ಲಿ ಬೇರೆಯಾಗಿ ನೆಟ್ಟಳು. ಸೈಕಲ್ ರಿಪೇರಿ ಮಾಡುವ ಗಂಡನನ್ನೂ ರಜೆ ಬಂದಾಗಲೆಲ್ಲ ಕುಡುಗೋಲು ಕೊಟ್ಟು ಅಲ್ಲಿಗೆ ಕಳೆ ತೆಗೆಯಲು ಕರೆದೊಯ್ದಳು.

"ಸರ್ಕಾರದ ಹುಲ್ಲಿಗೆ ನನ್ನ ಸೊಂಟ ಯಾಕೆ ಹೋಗ್ಬೇಕೇ?" ಎಂದು ಅವನು ಗೊಣಗಿದ. ಗೊಣಗುತ್ತಲೇ ಎರಡು ಸಾಲು ಮುಗಿಸಿದ.

ಮರುವರ್ಷ ಹುಲ್ಲು ಆಳೆತ್ತರ ಬೆಳೆಯಿತು, ಬೇಸಿಗೆಯಲ್ಲಿ ಬೆಂಕಿ ಬಿತ್ತು. ಲಕ್ಷದಲ್ಲಿ ಉಳಿದದ್ದು ಆ ನಾನೂರು ಮತ್ತು ಫಲಕದ ಕಬ್ಬಿಣದ ಕಂಬಗಳು. ತನಿಖೆಗೆ ಬಂದ ಹಿರಿಯ ಅಧಿಕಾರಿಯನ್ನು ಸಾಹೇಬರು ನೇರ ಬುಡಕ್ಕೇ ಕರೆದೊಯ್ದು, "ಇದು ನಮ್ಮ ಪ್ರಯೋಗ" ಎಂದರು.

"ಖರ್ಚೆಷ್ಟಾಯ್ತಮ್ಮಾ?" ಎಂದು ಅಧಿಕಾರಿ ಆಕೆಯನ್ನೇ ಕೇಳಿದರು.

"ಸಸಿ ನೆಡೋಕೆ ಒಂದು ಪಾಲಾದ್ರೆ ಉಳಿಸ್ಕೊಳ್ಳೋಕೆ ಮೂರು ಪಾಲು ಸಾರ್. ನಮ್ಮೆಜಮಾನ್ರ ಸೊಂಟ ಲೆಕ್ಕಕ್ಕೆ ಹಿಡಿದಿಲ್ಲ."

ಮುಂದಿನ ಯೋಜನೆಗೆ ಎರಡು ಲಕ್ಷ ಸಸಿ ಮಂಜೂರಾಯಿತು. ಈ ಸಲ ಕಳೆಗೂ ಹಣವಿತ್ತು, ಆದರೆ ಒಂದೇ ವರ್ಷಕ್ಕೆ. ಕಳೆಯಮ್ಮ ಪೆನ್ನು ತೆಗೆದುಕೊಂಡು ಯೋಜನೆಯ ಕಾಗದದಲ್ಲಿ ಎರಡು ಲಕ್ಷ ಹೊಡೆದುಹಾಕಿ ಅರವತ್ತು ಸಾವಿರ ಎಂದು ಬರೆದಳು. ಹಣವನ್ನು ಮೂರು ವರ್ಷಕ್ಕೆ ಹಂಚಿದಳು.

"ಸಂಖ್ಯೆ ಕಡಿಮೆ ಆದ್ರೆ ನನ್ನ ಮಾನ ಏನಾಗ್ಬೇಕು?" ಸಾಹೇಬರು ಕೂಗಾಡಿದರು.

"ಮತ್ತೆ ತನಿಖೆಗೆ ಬಂದ್ರೆ ಕಂಬ ತೋರಿಸ್ತೀರಾ ಸಾರ್?"

ಅವರು ತುಟಿ ಕಚ್ಚಿಕೊಂಡು ಸಹಿ ಹಾಕಿದರು. ಗುಡ್ಡ ಹಸಿರಾಯಿತು. ಬಡ್ತಿ ಸಾಹೇಬರಿಗೆ ಸಿಕ್ಕಿತು, ಕಳೆಯಮ್ಮನಿಗೆ ಮಂಡಿನೋವು.

ನಿವೃತ್ತಿಯಾದ ವಾರ ಗಂಡ ಹೆಂಡತಿ ಗುಡ್ಡಕ್ಕೆ ನಡೆದುಹೋದರು. ಅತ್ತಿಮರದ ಕೆಳಗೆ, ಯಾರೂ ನೆಡದ, ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಒಂದು ನೇರಳೆ ಸಸಿ ಕಂಡಿತು. ಆಕೆ ಮಂಡಿಯೂರಿ ಅದರ ಸುತ್ತಲಿನ ಹುಲ್ಲು ಕೀಳತೊಡಗಿದಳು.

"ಏಯ್, ನಿವೃತ್ತಿ ಆಯ್ತಲ್ಲೇ!"

"ಹುಲ್ಲಿಗೆ ಆಗಿಲ್ವಲ್ಲ. ಬನ್ನಿ, ಆ ಕಡೆ ನೀವು ಕೀಳಿ."