ಅಕ್ಕ ಕೂತ ಮೊದಲ ಸಾವಿರ ಕಿಲೋಮೀಟರ್

ನಮ್ಮ ಹೊಸ ಕಾರು ಮಾನ್ವಿಗೆ ಬಂದ ವಾರವೇ ಅಕ್ಕ ಫೋನ್ ಮಾಡಿ, ತಾನು ರಾಯಚೂರಿಗೆ ನಡೆದುಕೊಂಡೇ ಹೋಗುವುದಾಗಿ ಹೇಳಿದಳು.

"ಎರಡು ದಿನದ ಹಾದಿ. ಕುರಿ ಹೊಡಕೊಂಡು ಇದಕಿಂತ ದೂರ ಹೋಗೀನಿ. ನೀ ಯಾಕ ಚಿಂತಿ ಮಾಡ್ತಿ?"

ಅವಳ ಮಗಳು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಆಗ ಏಳು ತಿಂಗಳ ಚೊಚ್ಚಲ ಬಸುರಿ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಬಿ.ಪಿ. ಹೆಚ್ಚಿದೆ, ಹೆರಿಗೆಯ ತನಕ ಊರು ಬಿಡಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳು ತವರಿಗೆ ಬರುವಂತಿರಲಿಲ್ಲ, ತಾಯಿಯೇ ಮಗಳ ಹತ್ತಿರ ಹೋಗಬೇಕಿತ್ತು. ಅಕ್ಕ ಇರುವುದು ದೇವದುರ್ಗದ ಆಚೆ ಒಂದು ಹಳ್ಳಿಯಲ್ಲಿ. ಆ ಹಳ್ಳಿಗೆ ಬಸ್ಸು ಬರುತ್ತದೆ, ಅಕ್ಕ ಹತ್ತುವುದಿಲ್ಲ.

ನಾಲ್ಕು ವರ್ಷದ ಹಿಂದೆ, ಹತ್ತಿ ಬಿಡಿಸಲು ಹೆಂಗಸರನ್ನು ತುಂಬಿಕೊಂಡು ಹೊರಟಿದ್ದ ಟೆಂಪೊ ತಿರುವಿನಲ್ಲಿ ಮಗುಚಿತ್ತು. ಅಕ್ಕನ ಹೆಗಲ ಎಲುಬು ಮುರಿಯಿತು. ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದ ಗೆಳತಿ ಉಳಿಯಲಿಲ್ಲ. ಎಲುಬು ಕೂಡಿತು, ಆದರೆ ಅಂದಿನಿಂದ ಅಕ್ಕ ಇಂಜಿನ್ ಇರುವ ಯಾವುದನ್ನೂ ಹತ್ತಲಿಲ್ಲ. ದೇವದುರ್ಗದ ಸಂತೆಗೂ ನಡೆದೇ ಹೋಗುತ್ತಿದ್ದಳು. ನನ್ನ ಮನೆಯ ಹೊಸ್ತಿಲು ತುಳಿದೇ ನಾಲ್ಕು ವರ್ಷವಾಗಿತ್ತು.

"ಮೆಲ್ಲಕ ಹೊಡಿಯಪ್ಪಾ ಅಂತ ಅವತ್ತು ಎಷ್ಟು ಸಲ ಹೇಳಿದೆ. ನಮ್ಮಂಥಾಕಿ ಮಾತು ಯಾವ ಡ್ರೈವರ್ ಕೇಳ್ತಾನ?" ಎಂದು ಆಗಾಗ ಅನ್ನುತ್ತಿದ್ದಳು.

ನಾನು ನಾಲ್ಕು ಅಕ್ಷರ ಕಲಿತದ್ದು ಈ ಅಕ್ಕನಿಂದ. ನನಗೆ ಹನ್ನೊಂದು ತುಂಬಿದಾಗ, ನಾನು ಕಾಯುತ್ತಿದ್ದ ಕುರಿಗಳನ್ನು ತಾನು ಕಾಯುತ್ತೇನೆಂದು ಅಪ್ಪನ ಹತ್ತಿರ ಜಗಳವಾಡಿ ನನ್ನನ್ನು ಒಂದನೇ ಕ್ಲಾಸಿಗೆ ಕಳಿಸಿದವಳು ಅವಳು. ಪಕ್ಕದಲ್ಲಿ ಕೂತ ಮಕ್ಕಳು ನನ್ನ ಸೊಂಟಕ್ಕೆ ಬರುತ್ತಿದ್ದರು. ಹತ್ತನೇ ತರಗತಿ ಪಾಸಾಗುವಷ್ಟರಲ್ಲಿ ಮೀಸೆ ದಪ್ಪವಾಗಿತ್ತು. ಈಗ ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಜವಾನನಾಗಿದ್ದೇನೆ. ಅಚ್ಚಾದ ಮಾತು ಎಂದರೆ ನನಗೆ ಇವತ್ತಿಗೂ ಗೌರವ ಒಂದು ತೂಕ ಜಾಸ್ತಿ. ಕಾರಿನ ಜೊತೆ ಕೊಟ್ಟ ದಪ್ಪ ಪುಸ್ತಕ ಇಂಗ್ಲಿಷಿನಲ್ಲಿತ್ತು. ಗೊತ್ತಿಲ್ಲದ ಪದಗಳನ್ನು ಮೊಬೈಲಿನಲ್ಲಿ ಹುಡುಕುತ್ತಾ ಮೂರು ಸಂಜೆ ಕೂತು ಓದಿದೆ. ಒಂದು ಪುಟದಲ್ಲಿ ಹೀಗಿತ್ತು: ಮೊದಲ ಸಾವಿರ ಕಿಲೋಮೀಟರ್ ಇಂಜಿನ್ನನ್ನು ಮೆತ್ತಗೆ ಓಡಿಸಿ, ಜೋರು ಮಾಡಬೇಡಿ, ಭಾರ ಹೇರಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಬೇಡಿ.

ಭಾನುವಾರ ಕಾರು ತೋರಿಸಲು ಅಕ್ಕನ ಊರಿಗೆ ಹೊರಟೆ. ಸಿರವಾರ ದಾಟುವಷ್ಟರಲ್ಲಿ ಮೇವು ಹೇರಿದ ಟ್ರ್ಯಾಕ್ಟರ್ ಕೂಡ ನನ್ನನ್ನು ಹಿಂದೆ ಹಾಕಿ ಹೋಯಿತು. ಊರ ಹೊರಗೆ ಕುರಿ ಮೇಯಿಸುತ್ತಿದ್ದ ಅಕ್ಕ ನಾನು ಬರುವುದನ್ನು ದೂರದಿಂದಲೇ ನೋಡುತ್ತಾ ನಿಂತಿದ್ದಳಂತೆ.

"ಇದೇನಲೇ ತಮ್ಮಾ, ಕೆಟ್ಟೈತೇನು? ನಮ್ಮ ಟಗರು ಇದಕಿಂತ ಜೋರ ಓಡ್ತದ."

"ಕೆಟ್ಟಿಲ್ಲಕ್ಕ. ಸಾವಿರ ಕಿಲೋಮೀಟರ್ ತನಕ ಜೋರ ಓಡಸಬಾರದು. ಪುಸ್ತಕದಾಗ ಬರದಾರ."

"ಯಾರು ಬರದಾರ?"

"ಗಾಡಿ ಮಾಡಿದವರ."

"ಓದು ನೋಡೂನು."

ಓದಿ ಕನ್ನಡದಲ್ಲಿ ಹೇಳಿದೆ. ಇನ್ನೊಮ್ಮೆ ಓದಿಸಿದಳು. ಕಾರಿನ ಸುತ್ತ ಒಂದು ಸುತ್ತು ಬಂದಳು. ಬಾಗಿಲು ತೆರೆದು, ಎರಡೂ ಕಾಲು ನೆಲದ ಮೇಲೇ ಇಟ್ಟುಕೊಂಡು ಸೀಟಿನ ಅಂಚಿಗೆ ಕೂತಳು. ಹಾಗೇ ಸುಮಾರು ಹೊತ್ತು ಕೂತವಳು ಕಾಲು ಒಳಗೆ ಎಳೆದುಕೊಂಡಳು.

"ನೀರಿನ ಟ್ಯಾಂಕಿನ ತನಕ ನಡಿ. ಪುಸ್ತಕದಾಗ ಹೇಳಿದಂಗ ಹೋಗಬೇಕು ಮತ್ತ."

ಟ್ಯಾಂಕು ಅರ್ಧ ಕಿಲೋಮೀಟರ್ ಕೂಡ ಇಲ್ಲ. ಇಳಿದಾಗ ಅವಳ ಅಂಗೈ ಒದ್ದೆಯಾಗಿತ್ತು. ಆದರೆ ಇಳಿದದ್ದು ನಗುತ್ತಾ. ನಾನು ಹೇಳಿದ್ದರೆ ಹತ್ತುತ್ತಿರಲಿಲ್ಲ. ಯಾವ ಡ್ರೈವರನೂ ಕೇಳದ ಅವಳ ಮಾತನ್ನು ಎಲ್ಲೋ ಕೂತವರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಟ ಬರೆದವರು ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಆಮೇಲೆ ಪ್ರತಿ ಭಾನುವಾರ ಹೋದೆ. ಮೀಟರ್ ಮುಳ್ಳು ಮೂವತ್ತೈದರಿಂದ ಅಲುಗದಂತೆ, ಟಾಪ್ ಗೇರಿನಲ್ಲಿ, ಪಕ್ಕದ ಊರಿನ ತನಕ ಹೋಗಿ ಬರುತ್ತಿದ್ದೆವು. ಅವಳಿಗೆ ಅದೇ ಹಿತ. ನಾನೂ ಅದಕ್ಕೇ ಒಗ್ಗಿಕೊಂಡೆ. ಪೋತ್ನಾಳದಲ್ಲಿ ಟ್ರ್ಯಾಕ್ಟರು, ಕಾರು ಎಲ್ಲಾ ರಿಪೇರಿ ಮಾಡುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಒಮ್ಮೆ ಗಾಳಿ ಹಾಕಿಸಲು ಹೋದಾಗ ಅವರು ಪಕ್ಕದಲ್ಲಿ ಕೂತು ಒಂದು ಸುತ್ತು ಬಂದರು.

"ಅರೆ ನಿಲ್ಸ್ರಿ, ನಿಲ್ಸ್ರಿ. ಇಂಜಿನ್ ನರಳಾಕತ್ತದ, ಕೇಳಸಂಗಿಲ್ಲೇನು ನಿಮಗ?"

"ಮೆತ್ತಗ ಹೊಡಿಯಾಕತ್ತೀನಲ್ರಿ."

"ಮೆತ್ತಗ ಅಂದ್ರ ಒಂದ ಹೆಜ್ಜಿ ಹಾಕಸೂದಲ್ರಿ. ಒಳಗ ಹೊಸ ಕಬ್ಬಿಣ ಇರ್ತದ, ಒಂದಕ್ಕೊಂದು ಹೊಂದಬೇಕು. ಅರವತ್ತಕ್ಕ ಏರಸಬೇಕು, ಇಳಸಬೇಕು, ಮತ್ತ ಏರಸಬೇಕು. ಹಿಂಗ ಹೊಡದ್ರ ಗಾಡಿ ಜೀವನ ಪೂರ್ತಿ ಮಂದ ಆಗ್ತದ."

ಒಂದೇ ವೇಗದಲ್ಲಿ ಹೋಗಬಾರದೆಂದು ಪುಸ್ತಕದಲ್ಲೂ ಇತ್ತು. ನಾನು ಓದಿದ್ದೆ. ಆದರೆ ಅಕ್ಕನಿಗೆ ಆ ಸಾಲು ಓದಿ ಹೇಳಿರಲಿಲ್ಲ, ಹತ್ತದೆ ಹೋದಾಳೆಂದು ನುಂಗಿಕೊಂಡಿದ್ದೆ. ನನಗೆ ಓದು ಕೊಟ್ಟವಳಿಗೇ ಅರ್ಧ ಓದಿ ಹೇಳಿದ್ದೆ. ಈ ನಾಚಿಕೆ ವಾರವೆಲ್ಲಾ ಚುಚ್ಚಿತು.

ಭಾನುವಾರ ಊರು ದಾಟಿದ ಮೇಲೆ ನಿಜ ಹೇಳಿದೆ. ಅಕ್ಕ ಕಾರು ನಿಲ್ಲಿಸಲು ಹೇಳಿ, ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆಯಲು ಶುರು ಮಾಡಿದಳು. ನಾನು ಮೊದಲ ಗೇರಿನಲ್ಲಿ ಅವಳ ಹಿಂದೆ.

"ಅಕ್ಕಾ, ಹತ್ತಕ್ಕಾ."

"ಸಾಲಿಗೆ ಕಳಿಸಿದ್ದು ನನಗ ಸುಳ್ಳು ಓದಿ ಹೇಳಲಿ ಅಂತೇನಲೇ?"

"ಸುಳ್ಳಲ್ಲಕ್ಕ. ಒಂದು ಸಾಲು ಬಿಟ್ಟಿದ್ದೆ."

"ಬಿಟ್ಟದ್ದ ಸುಳ್ಳು."

ಎದುರಿಗೆ ಬಂದ ಬೈಕಿನವರು ನಮ್ಮನ್ನು ತಿರುಗಿ ತಿರುಗಿ ನೋಡಿಕೊಂಡು ಹೋದರು. ಒಂದು ಹೊಲ ದಾಟಿದೆವು, ಎರಡು ದಾಟಿದೆವು. ಕೊನೆಗೆ ಅವಳೇ ನಿಂತಳು. ಮಗಳ ನೆನಪಾಯಿತೋ, ಬಿಸಿಲೋ, ನಾನು ಕೇಳಲಿಲ್ಲ. ಬಂದು ಕೂತಳು.

"ಎಷ್ಟೊತ್ತು ಏರಸಬೇಕು?"

"ಸ್ವಲ್ಪ ಹೊತ್ತು."

"ಸ್ವಲ್ಪ ಗಿಲ್ಪ ಬ್ಯಾಡ. ನಾ ಹತ್ತು ಎಣಸ್ತೀನಿ. ಹತ್ತು ಆತಂದ್ರ ಇಳಸಬೇಕು."

ನಾನು ಒತ್ತಿದೆ. ಅಕ್ಕ ಕಣ್ಣು ಮುಚ್ಚಿ, ಕಣದಲ್ಲಿ ಜೋಳ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಹಾಗೆ ಶುರು ಮಾಡಿದಳು. "ಲಾಭ, ಎರಡು, ಮೂರ್ನಾಕೈದಾರೇಳೆಂಟೊಂಬತ್ತತ್ತು! ಇಳಸಲೇ!" ಮುಳ್ಳು ನಲವತ್ತೈದಕ್ಕೂ ಮುಟ್ಟಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ನಗುತ್ತಲೇ ನನ್ನ ತೋಳಿಗೆ ಹೊಡೆದಳು.

ವಾರ ವಾರಕ್ಕೆ ಅವಳ ಎಣಿಕೆ ನಿಧಾನವಾಯಿತು. ಐದನೇ ಭಾನುವಾರ ಕಣ್ಣು ತೆರೆದುಕೊಂಡೇ ಎಣಿಸಿದಳು. ಆರನೇ ಭಾನುವಾರ ಹೊಲದಲ್ಲಿ ಯಾರದೋ ತೊಗರಿ ನೋಡುತ್ತಾ ಏಳಕ್ಕೆ ನಿಂತವಳು ಮುಂದಿನದು ಎಣಿಸುವುದನ್ನೇ ಮರೆತಳು. ನಾನು ಉಸಿರು ಬಿಡದೆ ಅರವತ್ತರಲ್ಲೇ ಹೋದೆ.

ಹೆರಿಗೆಗೆ ಇನ್ನು ಹತ್ತು ದಿನ ಎನ್ನುವಾಗ ಅಕ್ಕ ಬಟ್ಟೆಯ ಗಂಟು ಕಟ್ಟಿಕೊಂಡು ಕಾರು ಹತ್ತಿದಳು. ಮಾನ್ವಿಯ ನಮ್ಮ ಮನೆಯಲ್ಲಿ ಎರಡು ದಿನವಿದ್ದು ರಾಯಚೂರಿಗೆ ಹೋಗುವುದು ಎಂದು ಮಾತಾಗಿತ್ತು. ಆ ದಾರಿಯಲ್ಲೇ ಮೀಟರ್ ಸಾವಿರ ದಾಟಿತು. ಶೋರೂಮಿನವರು ಈಗಲೇ ಆಯಿಲ್ ಬದಲಿಸುವ ಅವಶ್ಯಕತೆ ಇಲ್ಲ, ಇನ್ನೂ ಬಹಳ ದೂರ ನಡೆಯುತ್ತದೆ ಎಂದಿದ್ದರು. ಉಸ್ತಾದ್ ಕೇಳಲಿಲ್ಲ.

"ಅವರು ಹೇಳೂದು ಸುಳ್ಳಲ್ರಿ. ಈಗಿನ ಇಂಜಿನ್ ತಡೀತಾವು. ಆದ್ರ ಮೊದಲನೇ ಆಯಿಲ್ ತೊಳದ ನೀರಿದ್ದಂಗ. ಒಳಗ ಇಟ್ಕೊಳ್ಳೂದು ಯಾಕ? ಪುಸ್ತಕದಾಗ ಯಾವ ನಂಬರ್ ಆಯಿಲ್ ಬರದಾರ ಓದ್ರಿ, ಅದನ್ನ ಹಾಕೂನು."

ಅಕ್ಕನೂ ಪೋತ್ನಾಳಕ್ಕೆ ಬಂದಿದ್ದಳು. ಉಸ್ತಾದ್ ಕಾರಿನ ಕೆಳಗೆ ಮಲಗಿ ಬೋಲ್ಟ್ ಬಿಚ್ಚಿದರು. ಬಿಸಿ ಆಯಿಲ್ ಬೋಗುಣಿಗೆ ಇಳಿಯಿತು. ಅದರಲ್ಲಿ ಸ್ವಲ್ಪವನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದರು. ಕಂದು ಎಣ್ಣೆಯೊಳಗೆ ಸಣ್ಣ ಸಣ್ಣ ಮಿನುಗು, ಹಿಟ್ಟಿಗಿಂತ ನುಣುಪು.

"ಇಷ್ಟು ತಿಕ್ಕ್ಯಾಡ್ಯಾವಲ್ಲ ಒಳಗ! ನಮಗ ಕೇಳಿಸಲೇ ಇಲ್ಲ ನೋಡು," ಎಂದಳು ಅಕ್ಕ. "ಹೊಸ ಸೊಸಿ ಅತ್ತಿ ಇದ್ದಂಗ."

"ಇನ್ನ ಹೊಂದ್ಯಾವ್ರಿ ಅಕ್ಕಾರ. ಗಾಡಿದೂ ಪಳಗೂದು ಮುಗೀತು, ನಿಮ್ದೂ ಮುಗೀತು. ನಾಳಿಂದ ಎಂಬತ್ತು ತೊಂಬತ್ತು ಬಿಡ್ರಿ, ಏನೂ ಆಗಂಗಿಲ್ಲ."

ಉಸ್ತಾದ್ ಸಂತೋಷಕ್ಕೇ ಹೇಳಿದ್ದು. ಅಕ್ಕನ ಮುಖ ಇಳಿದುಹೋಯಿತು.

"ಅಂದ್ರ ಪುಸ್ತಕದ ಮಾತು ಮುಗೀತೇನು?"

"ನಾ ಅದೀನಲ್ಲಕ್ಕ. ನಾ ಜೋರ ಹೊಡಿಯಂಗಿಲ್ಲ."

"ಪುಸ್ತಕ ಬ್ಯಾರೆ, ನೀ ಬ್ಯಾರೆ. ಮೆಲ್ಲಕ ಹೊಡೀತೀನಂತ ಬಾಯಿ ಮಾತು ಆ ಡ್ರೈವರನೂ ಹೇಳಿದ್ದ ಅವತ್ತು." ಕಾರಿನಲ್ಲೇ ಇದ್ದ ತನ್ನ ಗಂಟಿನ ಕಡೆ ನೋಡಿದಳು. "ಇಲ್ಲಿಂದ ನಾ ನಡಕೊಂತ ಹೋಗ್ತೀನಿ. ಇನ್ನೂ ದಿನ ಅದಾವಲ್ಲ."

ಉಸ್ತಾದ್‌ಗೆ ಆ ಟೆಂಪೊ ಮಗುಚಿದ ವಿಷಯ ಗೊತ್ತಿರಲಿಲ್ಲ. ನಾನು ಎರಡು ಮಾತಿನಲ್ಲಿ ಹೇಳಿದೆ. ನಾನು ಏನು ಮಾಡಬೇಕೆಂದು ತಿಳಿಯದೆ, ಆಯಿಲ್ ನಂಬರ್ ನೋಡಲು ತೆಗೆದಿದ್ದ ಪುಸ್ತಕದ ಹಾಳೆಗಳನ್ನು ಮಗುಚುತ್ತಿದ್ದೆ. ಕೊನೆಗೆ ಒಂದಿಷ್ಟು ಗೆರೆ ಎಳೆದ ಖಾಲಿ ಪುಟಗಳಿದ್ದವು. ಅಕ್ಕನ ಕಣ್ಣು ಅಲ್ಲಿ ನಿಂತಿತು.

"ಅಲ್ಲೆ ಯಾಕ ಏನೂ ಇಲ್ಲ?"

"ಮಾಲೀಕರು ಬರಕೊಳ್ಳಾಕ ಬಿಟ್ಟಾರ."

"ಹಂಗಾದ್ರ ಬರಿ."

ಮಂಡಿಯ ಮೇಲೆ ಪುಸ್ತಕವಿಟ್ಟುಕೊಂಡು ಬರೆದೆ: "ಅಕ್ಕ ಕುಳಿತಿರುವಾಗ ಈ ಕಾರನ್ನು ಅರವತ್ತಕ್ಕಿಂತ ಜೋರಾಗಿ ಓಡಿಸಬಾರದು." ಹನ್ನೊಂದನೇ ವಯಸ್ಸಿನಲ್ಲಿ ಅ ಆ ತಿದ್ದಿದ ಹಾಗೆ ಒಂದೊಂದೇ ಅಕ್ಷರ ದುಂಡಗೆ ಬರೆದೆ. ಅಕ್ಕ ಓದಿಸಿದಳು. ಉಸ್ತಾದ್ ಕೈಗೆ ಕೊಟ್ಟು ಅವರಿಂದಲೂ ಓದಿಸಿದಳು. ಯಾವ ಸಾಲೂ ಬಿಟ್ಟಿಲ್ಲವೆಂದು ಖಾತ್ರಿಯಾಯಿತು. ಆಮೇಲೆ ತಟ್ಟೆಯ ಆಯಿಲಿಗೆ ಹೆಬ್ಬೆಟ್ಟು ಅದ್ದಿ ಆ ಸಾಲಿನ ಕೆಳಗೆ ಒತ್ತಿದಳು.

"ನೀವೂ ಒತ್ರಿ ಉಸ್ತಾದಾ. ಸಾಕ್ಷಿ ಬೇಕು."

"ನಂದೇನ್ರಿ ಅಕ್ಕಾರ, ನಲವತ್ತು ವರ್ಷದಿಂದ ಎಣ್ಣ್ಯಾಗ ಅದ್ದಿಟ್ಟ ಬೆಟ್ಟು," ಎಂದು ಅವರೂ ಒತ್ತಿದರು. ಎಣ್ಣೆ ಮೂರು ಹಾಳೆಯ ತನಕ ಇಳಿಯಿತು. ಅಕ್ಕ ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಮರುದಿನ ಬೆಳಿಗ್ಗೆ ನಾಷ್ಟಾ ಮಾಡುವಾಗ ಅಕ್ಕನ ಅಳಿಯನ ಫೋನ್ ಬಂತು. ನೋವು ಶುರುವಾಗಿತ್ತು. ಅವ್ವ ಎಲ್ಲಿ ಎಂದು ಮಗಳು ಕೇಳುತ್ತಿದ್ದಾಳಂತೆ. ಅಕ್ಕ ಕೈಯನ್ನೂ ಸರಿಯಾಗಿ ತೊಳೆಯದೆ ಬಂದು ಕೂತಳು. ಊರು ದಾಟಿ ದೊಡ್ಡ ರಸ್ತೆಗೆ ಬಿದ್ದು ಸ್ವಲ್ಪ ದೂರ ಹೋಗಿದ್ದೆವು.

"ಇದು ಎಷ್ಟು?"

"ಅರವತ್ತಕ್ಕ."

"ಏರಸು."

"ಅರವತ್ತ ಬರದದ್ದು."

"ಬರಸಿದಾಕಿ ಇಲ್ಲೇ ಕುಂತೀನಲ್ಲಲೇ!"

"ಬೆಟ್ಟು ಒತ್ತೀದಿ. ಉಸ್ತಾದ್ ಸಾಕ್ಷಿ ಅದಾರ."

"ನಿನ್ನ ಉಸ್ತಾದಗ ಬೆಂಕಿ ಹತ್ಲಿ! ಆ ಲಾರಿ ನೋಡು, ಉಳ್ಳಾಗಡ್ಡಿ ಹೇರಿಕೊಂಡು ನಮ್ಮನ್ನ ದಾಟಿ ಹೋತು! ನಿನ್ನ ಕೈಯಾಗ ಪುಸ್ತಕ ಕೊಟ್ಟದ್ದ ತಪ್ಪಾತು ನೋಡು ನಂದು!"

ದಾರಿಯುದ್ದಕ್ಕೂ ಬೈದಳು. ನಾನು ಅರವತ್ತು ದಾಟಲಿಲ್ಲ. ಅವಳ ಹೆದರಿಕೆಗೆಂದು ಕೊಟ್ಟ ಮಾತನ್ನು ಅವಳ ಅವಸರಕ್ಕೆ ಮುರಿದರೆ, ಇನ್ನೊಂದು ದಿನ ಹೆದರಿಕೆ ಬಂದಾಗ ಅವಳು ಯಾರನ್ನು ನಂಬಬೇಕು? ಇದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನೂ ಎರಡು ಹೆಚ್ಚು ಬೈಯುತ್ತಿದ್ದಳು.

ಆಸ್ಪತ್ರೆಯ ಮುಂದೆ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಓಡಿದಳು. ನಾನು ಹಿಂದೆ ಹೋಗಿ ನೋಡಿದೆ. ಹೆರಿಗೆ ಕೋಣೆಗೆ ಇನ್ನೂ ಕರೆದೊಯ್ದಿರಲಿಲ್ಲ. ಮಗಳು ಮಂಚದ ಅಂಚಿಗೆ ಕೂತು ತಾಯಿಯ ಸೊಂಟ ತಬ್ಬಿಕೊಂಡಿದ್ದಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದಳು. ನಾನು ಅಲ್ಲಿಂದಲೇ ತಿರುಗಿದೆ.

ಗೇಟಿನಲ್ಲಿ ವಾಚ್‌ಮನ್ ಕೂಗಾಡುತ್ತಿದ್ದ. "ಯಾರದ್ರೀ ಈ ಗಾಡಿ? ಬಾಗಿಲ ತೆರದ ಬಿಟ್ಟೀರಿ! ಒಳಗ ಬೈಕೋತ ಓಡಿದಾಕಿ ಯಾರು?"

"ನಮ್ಮಕ್ಕ. ಗಾಡಿ ಮೆಲ್ಲಕ ಹೊಡದೆ ಅಂತ ಬೈಯಾಕತ್ತಾಳ."

"ಅದಕ್ಕ ನೀವು ನಗಾಕತ್ತೀರೇನು?"

ಹೌದು, ನಗುತ್ತಿದ್ದೆ. ಇಂಥ ಬೈಗಳಿಗಾಗಿ ನಾಲ್ಕು ವರ್ಷ ಕಾದಿದ್ದೇನೆಂದು ಅವನಿಗೆ ಹೇಗೆ ಹೇಳಲಿ. ಬಾಗಿಲು ಹಾಕಿ, ಕಾರನ್ನು ಗೋಡೆಯ ನೆರಳಿಗೆ ತೆಗೆದು ನಿಲ್ಲಿಸಿದೆ.