‘ಗಂಡ’ ಅನ್ನುವಲ್ಲಿಗೇ ನಿಂತ ಪಟ್ಟಿ

ನನಗಾಗ ನಲವತ್ತಾರು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಮೊನ್ನೆ ಪಕ್ಕದ ಮನೆಯವಳು ಹಳೇ ಕಾಗದ ಒಟ್ಟಿ ನೀರು ಕಾಯಿಸುತ್ತಿದ್ದಳು. ಬರೆದ ಕಾಗದ ಸುಟ್ಟರೆ ಅದರ ವಾಸನೆಯೇ ಬೇರೆ. ಮೂಗಿಗೆ ಹತ್ತಿದ್ದೇ ತಡ, ಕಂಪ್ಯೂಟರ್ ಅಕ್ಕೋರು ನೆನಪಾದರು...

ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇತ್ತು. ನಾನು ಅಲ್ಲಿ ಕಸ ಹೊಡೆಯುತ್ತಿದ್ದೆ, ಹಿತ್ತಲಲ್ಲಿ ಒಲೆ ಹಚ್ಚಿ ಚಹಾ ಮಾಡುತ್ತಿದ್ದೆ. ಅಕ್ಕೋರು ಅಲ್ಲಿನ ಕೆಲಸಕ್ಕೆ ದಿನಾ ಮಸ್ಕಿಯಿಂದ ಬರುತ್ತಿದ್ದರು. ಕಡ್ಡಿಯಂಥ ಹುಡುಗಿ, ಇಪ್ಪತ್ತೈದೂ ದಾಟಿರಲಿಲ್ಲ. ಮಂದಿಯ ಹೆಸರನ್ನು ಮೆಷಿನ್ನಿನೊಳಗೆ ಕೂಡಿಡುವ ಪ್ರೋಗ್ರಾಂ ಬರೆದವರೂ ಅವರೇ.

ಆ ವರ್ಷ ರೈಸ್ ಮಿಲ್ಲಿನ ಹಿಂದಿನ ಗುಡಿಸಲುಗಳ ಹೆಂಗಸರಿಗೆ ಮನೆ ಕಟ್ಟಲು ಸರಕಾರದವರು ಜಾಗ ಕೊಡುವವರಿದ್ದರು. ಗಂಡ ಸತ್ತವರಿಗೆ, ಗಂಡ ಬಿಟ್ಟವರಿಗೆ ಮಾತ್ರ. ನನ್ನವನು ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗಿ ಹನ್ನೊಂದು ವರ್ಷವಾಗಿತ್ತು. ನನ್ನದೂ ಅರ್ಜಿ ಇತ್ತು. ಮಿಲ್ಲಿನವರು ಗುಡಿಸಲು ಕೀಳಿರಿ ಅನ್ನುತ್ತಿದ್ದರು. ಜಾಗ ಸಿಗದಿದ್ದರೆ ನಾವು ಬೀದಿಗೇ. ಅರ್ಜಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಪಟ್ಟಿ ತೆಗೆದು ಲಿಂಗಸುಗೂರಿನ ಸಾಹೇಬರಿಗೆ ಕೊಡುವ ಕೆಲಸ ಅಕ್ಕೋರದು.

ಎಂಟು ದಿನ ಕುಂತು ಹಾಕಿದರು. ಮುಗಿದ ದಿನ ನನ್ನನ್ನು ಕರೆದು ಪರದೆ ತೋರಿಸಿದರು.

"ನೋಡವ್ವಾ, ನಿಮ್ಮ ಮಂದಿ ಎಲ್ಲಾರೂ ಇದರೊಳಗ ಕುಂತಾರ. ಇನ್ನ ಯಾರಿಗೂ ಎಬ್ಬಸಾಕ ಆಗಂಗಿಲ್ಲ."

ನಾನು ನಂಬಿದೆ. ಕೆಲಸ ಮುಗಿದ ಕಾಗದ ಒಲೆಗೆ ಹಾಕುವುದು ನನ್ನ ರೂಢಿ. ಮೇಜಿನ ಕೆಳಗಿದ್ದ ಅರ್ಜಿಯ ಕಟ್ಟನ್ನು ಕೇಳದೆ ಹಿತ್ತಲಿಗೆ ಒಯ್ದೆ. ಎರಡು ಸಲದ ಚಹಾಕ್ಕೆ ಸಾಕಾಯಿತು.

ಎರಡು ದಿನ ಬಿಟ್ಟು ಪಟ್ಟಿ ಕಾಗದದ ಮೇಲೆ ಬಂತು. ಅಕ್ಕೋರು ನೋಡಿದರು, ತಿರುವಿದರು, ಮತ್ತೆ ನೋಡಿದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಹನುಮವ್ವ ಗಂಡ. ಬಸವ್ವ ಗಂಡ. ಹನುಮವ್ವ ಗಂಡ. ಅಷ್ಟೇ. ಗಂಡ ಯಾರು ಅನ್ನುವುದು ಒಂದರ ಮುಂದೂ ಇಲ್ಲ. ನಮ್ಮಲ್ಲಿ ಹನುಮವ್ವಂದಿರೇ ಹದಿನಾರು ಜನ, ನಾನೂ ಸೇರಿ.

"ಇದೇನ್ರಿ ಅಕ್ಕೋರೆ, ಗಂಡಂದಿರೆಲ್ಲ ಇಲ್ಲೂ ಓಡಿಹೋದ್ರೇನು?"

ಅವರು ನಗಲಿಲ್ಲ. "ಹೆಸರಿಗೆ ಇಷ್ಟ ಖಾನೆ ಅಂತ ಕೊಟ್ಟಿದ್ನವ್ವಾ. ಇಂಗ್ಲಿಷ್ ಹೆಸರು ಹಾಕಿ ನೋಡಿದ್ದೆ, ಸರಿ ಇತ್ತು. ಇಂಗ್ಲಿಷ್ ಅಕ್ಷರಕ್ಕ ಒಂದ ಖಾನೆ ಸಾಕು. ನಮ್ಮ ಅಕ್ಷರಕ್ಕ ಎರಡು ಮೂರು ಬೇಕು. ಬರಿಯೋವಾಗ ಪೂರಾ ಕಂಡ್ತು, ಒಳಗ ಇಡೋವಾಗ ಕತ್ತರಿಸಿ ಒಗದೈತಿ." ಆಮೇಲೆ ತಾವೇ ಸುಧಾರಿಸಿಕೊಂಡರು. "ಇರ್ಲಿ, ಖಾನೆ ಹೆಚ್ಚು ಮಾಡ್ತೀನಿ. ಅರ್ಜಿ ತಗೊಂಬಾ, ಮತ್ತ ಹಾಕೋಣು."

ನಾನು ಒಲೆಯ ಕಡೆ ಕೈ ತೋರಿಸಿದೆ.

ಅಕ್ಕೋರು ನೆಲದ ಮೇಲೆ ಕುಸಿದು ಕುಂತರು. "ಯವ್ವಾ..." ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಸಾಹೇಬರು ಪಟ್ಟಿಗೆ ಬಂದರು. ಅರ್ಜಿ ಎಲ್ಲಿ ಅಂತ ಕೂಗಾಡಿದರು. ಅಕ್ಕೋರು ಮುಂದೆ ಬಂದು, "ನಾನ ಸುಡಿಸೀನ್ರಿ" ಅಂದರು. ಅಂಗಡಿಯ ಮಾಲಕ ನಿಂತ ನಿಲುವಿನಲ್ಲೇ ಅವರನ್ನು ಕೆಲಸದಿಂದ ಬಿಡಿಸಿದ.

ಸಾಹೇಬರು ಅಂದರು: "ನಾಳೆ ಮುಂಜಾನಿ ಎಂಟಕ್ಕ ಎಲ್ಲಾರೂ ಬರ್ಲಿ. ತಮ್ಮ ಬಾಯಿಲೆ ಗಂಡನ ಹೆಸರು ಹೇಳಬೇಕು. ಬ್ಯಾರೆಯವರು ಹೇಳಿದ್ದು ನಡೆಯಂಗಿಲ್ಲ. ಹೇಳದೋರ ಹೆಸರು ಹೊಡದು ಹಾಕ್ತೀನಿ."

ಗುಡಿಸಲುಗಳಿಗೆ ಬಂದು ಹೇಳಿದೆ. ಗಂಡನ ಹೆಸರನ್ನು ನಾವು ಯಾರೂ ಬಾಯಲ್ಲಿ ಹಿಡಿದವರಲ್ಲ. ಅರ್ಜಿ ಬರೆಸುವಾಗಲೂ ಒಬ್ಬರ ಗಂಡನ ಹೆಸರನ್ನು ಇನ್ನೊಬ್ಬರು ಹೇಳಿದ್ದೆವು.

"ಸತ್ತವನ ಹೆಸರು ಹಿಡೀಬೇಕೇನಬೇ? ನಾಲಿಗಿ ಉದುರಿ ಬೀಳ್ತೈತಿ" ಅಂದಳು ಒಬ್ಬ ಮುದುಕಿ.

"ಮುಂದ ಜಾಗ ಖಾಲಿ ಬಿಟ್ಟಾರಲ್ಲಬೇ, ಬೇಕಾದೋನ್ನ ಬರಸ್ಕೋ" ಅಂದಳು ಇನ್ನೊಬ್ಬಳು. ಯಾರೂ ನಗಲಿಲ್ಲ.

ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಅಕ್ಕೋರು ಲಿಂಗಸುಗೂರು ಬಸ್ಸಿಗೆ ಕಾಯುತ್ತಿದ್ದರು. ಅದೇ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತಿತ್ತು.

"ಯಾಕ ಸುಳ್ಳ ಹೇಳಿದ್ರಿ ಅಕ್ಕೋರೆ?"

"ನನಗ ಇನ್ನೊಂದು ಕಡಿ ಕೆಲಸ ಸಿಗ್ತೈತಿ. ನಿನಗ ಜಾಗ ಯಾರು ಕೊಡ್ತಾರ? ನಾಳೆ ಮದಲು ನೀ ಹೇಳು. ಉಳಿದೋರು ನಿನ್ನ ನೋಡಿ ಹೇಳ್ತಾರ."

ಬಸ್ಸು ಹೋಯಿತು. ಮತ್ತೆ ಅವರನ್ನು ನೋಡಲಿಲ್ಲ... ಹೋದ ವರ್ಷ ತೀರಿಕೊಂಡರು ಅಂತ ಮಸ್ಕಿಯ ಕಡೆಯವರೊಬ್ಬರು ಹೇಳಿದರು. ಈಗ ಇದನ್ನು ಬರೆಯುತ್ತಿರುವುದು ಆ ಜಾಗದಲ್ಲಿ ಕಟ್ಟಿದ ಮನೆಯಲ್ಲೇ ಕುಂತು. ಒಂದು ಸಲವೂ ಅವರನ್ನು ಹುಡುಕಿ ಕರೆದು ಚಹಾ ಕೊಡಲಿಲ್ಲ. ಕೊಡಬಹುದಿತ್ತು. ಕೊಡಲಿಲ್ಲ.

ಆ ಮರುದಿನ ಮುಂಜಾನೆ ಎಂಟಕ್ಕಿಂತ ಮೊದಲೇ ಹೋಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತೆ. ಗಂಡನ ಹೆಸರು ಹೇಳಿದೆ. ಸಾಹೇಬರು ಕೇಳಿಸಲಿಲ್ಲ ಅಂದರು. ಓಣಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಆಮೇಲೆ ಹಿಂದೆ ತಿರುಗಿ, ಅಷ್ಟೂ ಹೆಂಗಸರಿಗೆ ಕಾಣುವಂತೆ ನಾಲಿಗೆ ಹೊರಗೆ ಚಾಚಿ ತೋರಿಸಿದೆ.